ಉಣ್ಣೆಯ ದಾರ, ಕಟ್ಟಿಗೆಯ ಮೂಲೆಮಟ್ಟ

ಹೋದ ತಿಂಗಳು ಆರನೆಯ ತರಗತಿಗೆ ಲಂಬರೇಖೆಗಳ ಪಾಠ ತೆಗೆದುಕೊಂಡಿದ್ದೆ. ಈಗ ನಾನಿರುವುದು ಮೂಡಲಗಿ ಹತ್ತಿರದ ಒಂದು ಶಾಲೆಯಲ್ಲಿ. ದಾರಕ್ಕೊಂದು ಕಲ್ಲು ಕಟ್ಟಿಕೊಂಡು ಬನ್ನಿ ಎಂದು ಹಿಂದಿನ ದಿನ ಮಕ್ಕಳಿಗೆ ಹೇಳಿದ್ದೆ. ಕೆಲವರು ಗಾಳಿಪಟದ ದಾರ ತಂದರು, ಕೆಲವರು ಚೀಲ ಹೊಲಿಯುವ ಸುತಳಿ, ಒಬ್ಬನಂತೂ ಅಪ್ಪನ ಪಾಯಜಾಮದ ಲಾಡಿಯನ್ನೇ ಎಳೆದು ತಂದಿದ್ದ. ಕೊನೆಯ ಸಾಲಿನ ಹುಡುಗಿಯೊಬ್ಬಳ ಕೈಯಲ್ಲಿ ಮಾತ್ರ ಕರಿ ಉಣ್ಣೆಯ ದಾರ, ಮನೆಯಲ್ಲೇ ನೂತದ್ದು. ಇಸಿದುಕೊಂಡು ನೋಡುವಾಗ ವಾಸನೆ ಮೂಗಿಗೆ ಬಡಿಯಿತು. ಹಸಿ ಉಣ್ಣೆಗೆ ಅದರದೇ ಒಂದು ವಾಸನೆ ಇರುತ್ತದೆ, ಮಳೆಯಲ್ಲಿ ನೆನೆದ ಕುರಿ ಬಾಗಿಲಿಗೆ ಬಂದು ನಿಂತ ಹಾಗೆ. ನಾನು ಆ ದಾರ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. "ಅಕ್ಕೋರ, ಕಲ್ಲು ಸಣ್ಣದಾತೇನ್ರಿ?" ಎಂದು ಹುಡುಗಿ ಕೇಳಿತು. ಇಲ್ಲ, ಸರಿಯಾಗಿದೆ ಎಂದೆ. ಆ ದಿನ ಪಾಠ ಮುಂದೆ ಹೋಗಲಿಲ್ಲ. ಗೆರೆ ಎಳೆಯಲು ಹೇಳಿ ಕುರ್ಚಿಯಲ್ಲಿ ಕುಳಿತೆ.

ಏಳು ವರ್ಷದ ಹಿಂದೆ ನಾನು ಇನ್ನೊಂದು ಊರಿನಲ್ಲಿದ್ದೆ. ಧುಪದಾಳದಿಂದ ಕೆಳಗೆ, ಘಟಪ್ರಭೆಯ ದಂಡೆಯ ಮೇಲಿನ ಹಳ್ಳಿ. ಹೆಸರು ಬರೆಯುವುದಿಲ್ಲ. ಆ ಊರಿನವರು ನನ್ನ ಬಗ್ಗೆ ಇವತ್ತಿಗೂ ಒಂದು ಕೆಟ್ಟ ಮಾತು ಆಡಿಲ್ಲ. ನನ್ನ ಬರಹದಿಂದ ಅವರಿಗೆ ಹೆಸರು ಬರುವುದೂ ಬೇಡ, ಕೆಡುವುದೂ ಬೇಡ. ಗೋಕಾಕಿನ ನನ್ನ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಗಣಿತದವಳು ಎಂಬ ಹಮ್ಮು ನನಗೆ ಮೊದಲಿನಿಂದಲೂ ಇತ್ತು, ಅದನ್ನೇನು ಮುಚ್ಚಿಡುವುದು. ಕನ್ನಡ ಕಲಿಸುವವರಿಗೆ ಎರಡು ಅರ್ಥ ಹೇಳುವ ಸವಲತ್ತಿದೆ, ನಮಗೆ ಉತ್ತರ ಒಂದೇ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಹೇಳುತ್ತಿದ್ದೆ. ಹೆಡ್ ಸರ್ ನಕ್ಕು, "ಅಕ್ಕೋರ ಕಡೆ ಹೋಗಬ್ಯಾಡ್ರಪಾ, ನಿಮಗೂ ತೊಂಬತ್ತು ಡಿಗ್ರಿ ತಿರಗಸ್ತಾರ" ಎನ್ನುತ್ತಿದ್ದರು. ನನಗೆ ಅದು ಹೊಗಳಿಕೆಯಾಗಿಯೇ ಕೇಳುತ್ತಿತ್ತು.

ಆ ಶ್ರಾವಣದಲ್ಲಿ ಹೊಳೆ ಬಂತು. ಮಳೆ ನಮ್ಮಲ್ಲಿ ಅಷ್ಟೇನೂ ಇರಲಿಲ್ಲ, ಆದದ್ದೆಲ್ಲ ಮೇಲಿನ ಘಟ್ಟದಲ್ಲಿ. ಧುಪದಾಳದ ಒಡ್ಡಿನ ಮೇಲೆ ನೀರು ಹಾರುವ ಸಪ್ಪಳ ಶಾಲೆಯ ಅಂಗಳದವರೆಗೂ ಕೇಳುತ್ತಿತ್ತು. ಒಂದು ದಿನ ಬೆಳಿಗ್ಗೆ ಬಸ್ಸಿಳಿದಾಗ ಹೊಳೆಕಡೆಯ ಓಣಿಯಲ್ಲಿ ಸೊಂಟದುದ್ದ ನೀರು. ಶಾಲೆ ದಿನ್ನೆಯ ಮೇಲಿದ್ದುದರಿಂದ ಉಳಿಯಿತು. ಒಂಬತ್ತು ದಿನ ಶಾಲೆಯೇ ಆ ಓಣಿಯವರ ಮನೆಯಾಯಿತು. ನನ್ನ ಆರನೆಯ ತರಗತಿಯ ಕೋಣೆಯಲ್ಲಿ ಹನ್ನೆರಡು ಕುರಿಮರಿಗಳಿದ್ದವು. ಬೋರ್ಡಿನ ಕೆಳಗೆ ಒಬ್ಬ ಮುದುಕಿ ಕುಳಿತು, ಲೋಕದಲ್ಲಿ ಏನೂ ಆಗಿಲ್ಲವೆಂಬಂತೆ ಉಣ್ಣೆ ನೂಲುತ್ತಿದ್ದಳು. ಕೈಯಿಂದ ದಾರ ಬಿಡುತ್ತ ಹೋದಂತೆ ಕಟ್ಟಿಗೆಯ ಕದರು ತಿರುಗುತ್ತ ತಿರುಗುತ್ತ ನೆಲದ ಕಡೆಗೆ ಇಳಿಯುತ್ತಿತ್ತು. ಅವಳ ಹೆಸರು ಬಾಳವ್ವ. ನನ್ನ ತರಗತಿಯ ಮಾಯವ್ವನ ಆಯಿ, ಅಪ್ಪನ ತಾಯಿ.

ಮಾಯವ್ವ ಅಂಥ ಮಾತಿನ ಹುಡುಗಿಯಲ್ಲ. ಆದರೆ ಲೆಕ್ಕ ಕೊಟ್ಟರೆ ಎಲ್ಲರಿಗಿಂತ ಮೊದಲು ಮುಗಿಸಿ, ಮುಗಿಸಿದ್ದೇನೆಂದು ಹೇಳದೆ ಕಿಟಕಿ ನೋಡುತ್ತ ಕೂರುತ್ತಿತ್ತು. ಅಪ್ಪ ಲಕ್ಕಪ್ಪ ಮಳೆಗಾಲ ಶುರುವಾಗುತ್ತಲೇ ಕುರಿ ಹೊಡೆದುಕೊಂಡು ಮೂಡಲ ಕಡೆಗೆ ಹೋಗುವವನು. ಹಟ್ಟಿಯ ಕೆಸರಿನಲ್ಲಿ ಕುರಿಯ ಕಾಲು ಕೊಳೆಯುತ್ತವೆ. ದೀಪಾವಳಿಗೆ ತಿರುಗಿ ಬರುತ್ತಿದ್ದ. ಮನೆಯಲ್ಲಿ ತಾಯಿ ಸತ್ಯವ್ವ, ಆಯಿ, ಈ ಹುಡುಗಿ, ನಡೆಯಲಾರದ ಮರಿಗಳು. ಮನೆಯ ಹಳೆಯ ಮಣ್ಣಿನ ಗೋಡೆ ಕೆಡವಿ, ಪಡಸಾಲೆಗೆ ಇಟ್ಟಿಗೆ ಸಿಮೆಂಟಿನ ಹೊಸ ಗೋಡೆ ಎಬ್ಬಿಸಿ, ನೆಲಕ್ಕೆ ಶಾಬಾದಿ ಕಲ್ಲಿನ ಫರಸಿ ಹಾಕಿಸಿ ನಾಲ್ಕು ವರ್ಷವಾಗಿತ್ತು. ಓಣಿಯಲ್ಲಿ ಅದೇ ಗಟ್ಟಿ ಮನೆ. ನೀರು ಇಳಿದ ಮೇಲೆ ಎಷ್ಟೋ ಮಣ್ಣಿನ ಮನೆಗಳು ಕುಸಿದು ಗುಡ್ಡೆಯಾಗಿದ್ದವು. ಇವರ ಗೋಡೆ ಒಂದು ಬಿರುಕೂ ಇಲ್ಲದೆ ನಿಂತಿತ್ತು. ಓಣಿಯವರಿಗೆ ಅಚ್ಚರಿ, ಸ್ವಲ್ಪ ಹೊಟ್ಟೆಕಿಚ್ಚೂ.

ಶಾಲೆ ತೊಳೆದು, ಮತ್ತೆ ಪಾಠ ಶುರುವಾಗಿ ಎರಡು ವಾರವಾಗಿತ್ತು. ಒಂದು ಸೋಮವಾರ ಲಂಬರೇಖೆಗಳ ಪಾಠ ಬಂತು. ಎರಡು ಗೆರೆಗಳು ತೊಂಬತ್ತು ಡಿಗ್ರಿಯಲ್ಲಿ ಕೂಡಿದರೆ ಒಂದು ಇನ್ನೊಂದಕ್ಕೆ ಲಂಬ ಎಂದು ಬರೆಸಿದೆ. ಕಾಗದ ಎರಡು ಸಲ ಮಡಚಿ ಬಿಚ್ಚಿ ತೋರಿಸಿದೆ. ಆಮೇಲೆ ನನಗೇ ಹುಮ್ಮಸ್ಸು ಬಂದು, "ಮನೀಗೆ ಹೋಗಿ ದಾರಕ್ಕ ಕಲ್ಲು ಕಟ್ಟಿ ಗೋಡೆ, ಬಾಗಿಲಾ, ಕಂಬಾ ಅಳತಿ ಮಾಡಿ ಬರಕೊಂಡು ಬರ್ರಿ" ಎಂದೆ. ದಾರ ಬಿಟ್ಟು ಮೇಲೊಮ್ಮೆ ಕೆಳಗೊಮ್ಮೆ ಗೋಡೆಗೆ ಎಷ್ಟು ದೂರವಿದೆ ಎಂದು ಸ್ಕೇಲಿನಿಂದ ಅಳೆಯುವುದನ್ನು ಕಲಿಸಿದವಳೂ ನಾನೇ. ಗೋಡೆ ಕಟ್ಟುವ ಗೌಂಡಿಗಳು ಮಾಡುವುದೂ ಅದನ್ನೇ ಅಲ್ಲವೇ. ಇದು ಪುಸ್ತಕದಲ್ಲಿರಲಿಲ್ಲ, ನನ್ನದೇ ಶಾಣ್ಯಾತನ.

ಬುಧವಾರ ನೋಟ್‌ಬುಕ್ಕುಗಳು ಬಂದವು. ಮೂವತ್ತೊಂದು ಮಕ್ಕಳು ಅಳೆಯದೆಯೇ ಬರೆದಿದ್ದರು, ನೋಡಿದರೆ ತಿಳಿಯುತ್ತಿತ್ತು. ಮೇಲೆ ಐದು, ಕೆಳಗೆ ಐದು. ಮೇಲೆ ಹತ್ತು, ಕೆಳಗೆ ಹತ್ತು. ಇಡೀ ಊರೇ ಸ್ಕೇಲು ಹಿಡಿದು ಕಟ್ಟಿದಂತೆ. ಮಾಯವ್ವ ಒಬ್ಬಳೇ ಬೇರೆ ಬರೆದಿದ್ದಳು. ಪಡಸಾಲೆಯ ಗೋಡೆ: ಮೇಲೆ ಐದು ಸೆಂಟಿಮೀಟರ್, ಕೆಳಗೆ ಹದಿಮೂರು ಸೆಂಟಿಮೀಟರ್. ಗೋಡೆ ಒಳಗೆ ವಾಲಿದೆ. ಪಕ್ಕದಲ್ಲಿ ಚಿತ್ರ, ಚಿತ್ರದಲ್ಲಿ ಗೋಡೆ, ದಾರ, ಕಲ್ಲು, ಕಲ್ಲಿನ ಬದಿಗೆ ಕಾಲು ಚಾಚಿ ಕುಳಿತ ಆಯಿ.

"ಇದೇನ ಮಾಯವ್ವ? ಹೊಸಾ ಗ್ವಾಡಿ ಎಂಟು ಸೆಂಟಿಮೀಟರ್ ವಾಲತೈತೇನ? ಕೈ ನಡುಗಿರಬೇಕು ನಿಂದು" ಎಂದೆ. ಮಕ್ಕಳು ನಕ್ಕರು.

"ಕೈಲೆ ಹಿಡದಿಲ್ರಿ ಅಕ್ಕೋರ. ಮ್ಯಾಲಿನ ಪಟ್ಟಿಗೆ ಮೊಳಿ ಹೊಡದು ಕಟ್ಟೇನಿ" ಎಂದಳು. "ಆಯಿ ನೂಲತಾಳಲ್ರಿ, ಮೊದ್ಲ ಕದರು ಇಳಿದಾಗ ಗ್ವಾಡಿಗೂ ದಾರಕ್ಕೂ ಮ್ಯಾಲೆಷ್ಟ ದೂರ ಇತ್ತೋ ಕೆಳಗೂ ಅಷ್ಟ ಇರ್ತಿತ್ತು. ಹೊಳಿ ಬಂದು ಹ್ವಾದ ಮ್ಯಾಲೆ ಹಂಗಿಲ್ಲ."

ಉತ್ತರ ಇಲ್ಲದಾಗ ಮೇಷ್ಟ್ರ ಜಾತಿಯವರು ಮಾಡುವುದನ್ನೇ ಮಾಡಿದೆ, ಮತ್ತೊಮ್ಮೆ ಅಳೆದು ತಾ ಎಂದು ಕೂರಿಸಿದೆ.

ಮರುದಿನ ಸತ್ಯವ್ವ ಶಾಲೆಗೆ ಬಂದಳು. ತಲೆಯ ಮೇಲಿನ ಸೆರಗು ಹಿಡಿದುಕೊಂಡು ಬಾಗಿಲಲ್ಲೇ ನಿಂತಳು. "ಅಕ್ಕೋರ, ಹುಡುಗಿ ಗ್ವಾಡಿ ಬೀಳತೈತಿ ಅಂತ ಜೀಂವಾ ತಿನ್ನಾಕತ್ತೈತಿ. ನಮ್ಮತ್ತಿ ನೋಡಿದ್ರ, ನಿಂತ ಮನಿಗೆ ಬೀಳತೈತಿ ಅನಬಾರ್ದು ಅಂತ ಬಯ್ಯತಾಳ. ಮನ್ಯಾಗ ಗಂಡಸರಿಲ್ಲ. ನಮಗೇನ ತಿಳಿತೈತ್ರಿ. ನೀವೊಮ್ಮಿ ಬಂದು ನೋಡ್ರಿ. ನೀವು ಇರ್ರಿ ಅಂದ್ರ ಇರ್ತೇವಿ, ಬ್ಯಾಡ ಅಂದ್ರ ಮರಿ ಕಟಗೊಂಡು ನಾಳಿನ ಬೆಲ್ಲದ ಬಾಗೇವಾಡಿಗೆ ನಮ್ಮ ಅಣ್ಣನ ಮನಿಗೆ ಹೋಗ್ತೇವಿ."

ಈ ಮಾತನ್ನು ನಾನು ಒಂದಕ್ಷರ ಹೆಚ್ಚು ಕಡಿಮೆ ಇಲ್ಲದೆ ಬರೆದಿದ್ದೇನೆ. ಅವಳು ಕೇಳಿದ್ದು ಇಷ್ಟೇ, ಇರಬೇಕೋ ಹೋಗಬೇಕೋ. ಊರಿನ ಗೌಂಡಿಯನ್ನು ಕರೆಯಿರಿ ಎಂದು ನಾನು ಹೇಳಬಹುದಿತ್ತು. ಆ ವಾರ ಗೌಂಡಿಗಳು ಯಾರ ಕೈಗೂ ಸಿಗುತ್ತಿರಲಿಲ್ಲ, ಅದೂ ಖರೆ. ಆದರೆ ನಾನು ಹೇಳದಿದ್ದದ್ದು ಅದಕ್ಕಲ್ಲ. ಕೇಳಿದ್ದು ನನ್ನನ್ನು, ಅದು ನನಗೆ ಹಿತವಾಗಿತ್ತು.

ಶಾಲೆ ಬಿಟ್ಟ ಮೇಲೆ ಬೋರ್ಡಿನ ಮೇಲೆ ಗೆರೆ ಎಳೆಯುವ ಕಟ್ಟಿಗೆಯ ದೊಡ್ಡ ಮೂಲೆಮಟ್ಟವನ್ನು ಬಗಲಲ್ಲಿಟ್ಟುಕೊಂಡು ಹೊರಟೆ. ಒಂದು ಮೂಲೆ ಸರಿಯಾಗಿ ತೊಂಬತ್ತು ಡಿಗ್ರಿಯ ಮೂರು ಮೂಲೆಯ ಹಲಗೆ ಅದು. ಹಿಂದೆ ಹತ್ತಿಪ್ಪತ್ತು ಮಕ್ಕಳ ದಂಡು. ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತು ನೋಡಿದರು. ಓಣಿಯಲ್ಲಿ ಇನ್ನೂ ರಾಡಿ, ಎಲ್ಲ ಕಡೆ ಕೊಳೆತ ಜೋಳದ ನಾತ. ಬಾಳವ್ವ ಹೊರಗೆ ಜಗುಲಿಯ ಮೇಲೆ ಬಿಸಿಲಿಗೆ ಮೈಯೊಡ್ಡಿ ನೂಲುತ್ತಿದ್ದಳು. ನನ್ನನ್ನು ಕಂಡು, "ಬರ್ರಿ ತಾಯಿ, ಈ ಹುಡುಗಿ ಹುಚ್ಚ ಬಿಡಸ್ರಿ" ಎಂದಳು. ಮಳೆ ಹೊಳವಾದ ಮೇಲೆ ಮುದುಕರು ಬಿಸಿಲು ಹುಡುಕುತ್ತಾರೆ ಎಂದುಕೊಂಡು ಒಳಗೆ ಹೋದೆ.

ಪಡಸಾಲೆಯಲ್ಲಿ ಮಾಯವ್ವನ ದಾರ ಮೊಳೆಗೆ ಹಾಗೇ ನೇತಾಡುತ್ತಿತ್ತು. ಆಯಿಯ ಕರಿ ಉಣ್ಣೆಯ ದಾರ, ತುದಿಗೆ ಹೊಳೆಯ ನುಣ್ಣನೆಯ ಕಲ್ಲು. ನಾನು ಅದನ್ನು ಅಳೆಯಲಿಲ್ಲ. ನೆಲಕ್ಕೆ ಮೊಣಕಾಲೂರಿ ಕುಳಿತು, ಕೈಯಲ್ಲಿದ್ದ ಪೆನ್ಸಿಲ್ಲನ್ನು ಫರಸಿಯ ಮೇಲಿಟ್ಟು, ಮೂಲೆಮಟ್ಟವನ್ನು ಗೋಡೆ ನೆಲ ಕೂಡುವಲ್ಲಿ ಒತ್ತಿ ಹಿಡಿದೆ. ಎಂಥ ಕೂಡಿಕೆ! ಒಂದು ಅಂಚು ಫರಸಿಗೆ ಅಂಟಿತು, ಇನ್ನೊಂದು ಗೋಡೆಗೆ ಅಂಟಿತು. ನಡುವೆ ಕೂದಲು ತೂರುವ ಸಂದಿಯೂ ಇರಲಿಲ್ಲ. ಆಚೆ ಈಚೆ ನಾಲ್ಕು ಕಡೆ ಇಟ್ಟು ನೋಡಿದೆ. ನಾಲ್ಕೂ ಕಡೆ ತೊಂಬತ್ತು ಡಿಗ್ರಿ. ಪೆನ್ಸಿಲ್ಲಿಗಾಗಿ ಕೈಯಾಡಿಸಿದರೆ ಅಲ್ಲಿರಲಿಲ್ಲ. ದುಂಡು ಪೆನ್ಸಿಲ್ಲು ಗೋಡೆಯ ಬದಿಯಿಂದ ಉರುಳುತ್ತ ಹೋಗಿ ಪಡಸಾಲೆಯ ನಡುವೆ ನಿಂತಿದ್ದ ಸತ್ಯವ್ವನ ಕಾಲಿಗೆ ತಾಗಿ ನಿಂತಿತ್ತು. ಅವಳು ಬಗ್ಗಿ ತೆಗೆದು, "ಅಕ್ಕೋರ, ನಿಮ್ಮ ಪೆನ್ಸಿಲ್" ಎಂದು ಎರಡೂ ಕೈಯಿಂದ ಕೊಟ್ಟಳು. ಇಸಿದುಕೊಂಡು ಕಿವಿಗೆ ಸಿಕ್ಕಿಸಿಕೊಂಡೆ.

"ನೋಡ್ರಿ, ನೆಲಕ್ಕ ಗ್ವಾಡಿ ಬರೋಬ್ಬರಿ ನಿಂತೈತಿ. ಒಂದು ಎಳಿ ಫರಕಿಲ್ಲ" ಎಂದೆ. "ಏನೂ ಚಿಂತಿ ಮಾಡಬ್ಯಾಡ್ರಿ, ಆರಾಮ ಇರ್ರಿ."

"ಮತ್ತ ದಾರಾ ಯಾಕ ಹಂಗ ಹೇಳತೈತ್ರಿ?" ಮಾಯವ್ವ ಗೋಡೆಗೆ ಬೆನ್ನು ಕೊಟ್ಟು ನಿಂತು ಕೇಳಿದಳು.

ಎಲ್ಲರೂ ನನ್ನ ಮುಖ ನೋಡುತ್ತಿದ್ದರು. "ದಾರಾ ಗಾಳಿಗೆ ಅಳ್ಳಾಡತೈತಿ ತಂಗಿ. ಮೂಲೆಮಟ್ಟ ಸುಳ್ಳ ಹೇಳೂದಿಲ್ಲ" ಎಂದೆ. ಅವಳ ನೋಟ್‌ಬುಕ್ಕನ್ನು ಅಲ್ಲೇ ತರಿಸಿ, ಆ ಅಳತೆಯ ಮೇಲೆ ಕೆಂಪು ಮಸಿಯಲ್ಲಿ ಅಡ್ಡಗೆರೆ ಎಳೆದು, 'ಅಳತೆ ತಪ್ಪು' ಎಂದು ಬರೆದೆ. ಬರೆದ ನೋಟ್‌ಬುಕ್ಕನ್ನು ಬೇರೆ ಮಕ್ಕಳಿಗೆ ತೋರಿಸಬೇಕೆಂದು ಚೀಲದಲ್ಲಿ ಹಾಕಿಕೊಂಡೆ. ಸತ್ಯವ್ವ ಬೆಲ್ಲದ ಚಹಾ ಮಾಡಿ ಕೊಟ್ಟಳು. ಕುಡಿದು ಬಂದೆ.

ಶನಿವಾರ ಬೆಳಗಿನ ಶಾಲೆ. ಮಧ್ಯಾಹ್ನದ ಹೊತ್ತಿಗೆ ಗೋಕಾಕಿನ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕುಳಿತಿದ್ದೆ. ಹೊಳೆಯ ನೀರು ರಸ್ತೆಯ ಅಂಚನ್ನು ತಿಂದುಹಾಕಿತ್ತು. ಎದುರಿಗೆ ಟ್ರ್ಯಾಕ್ಟರ್ ಬಂದಾಗ ಡ್ರೈವರ್ ಬದಿಗೆ ತೆಗೆದುಕೊಂಡ, ಎಡಗಾಲಿ ತಗ್ಗಿಗಿಳಿದು ಬಸ್ಸು ಒಂದು ಕಡೆ ವಾಲಿ ನಿಂತಿತು. ಜನ ಕೂಗಾಡುತ್ತ ಇಳಿದರು. ನಾನು ಕಂಬಿ ಹಿಡಿದುಕೊಂಡು ಕುಳಿತೇ ಇದ್ದೆ. ನೆಲದಿಂದ ಚಾವಣಿಗೆ ಹೋಗುವ ಆ ಕಂಬಿ ಬಸ್ಸಿನ ನೆಲಕ್ಕೆ ನೆಟ್ಟಗೇ ಇತ್ತು. ಅದರ ಪಕ್ಕದಲ್ಲಿ ಗಾಜಿನ ಮುಂದೆ ದೃಷ್ಟಿಗೆಂದು ಕಟ್ಟಿದ ಲಿಂಬೆಹಣ್ಣು ಮೆಣಸಿನಕಾಯಿಯ ದಾರ ಕಂಬಿಯಿಂದ ದೂರ ಸರಿದು ನೇತಾಡುತ್ತಿತ್ತು. ಮೇಲೆ ಹತ್ತಿರ, ಕೆಳಗೆ ದೂರ.

ಕಂಪಾಸ್ ಪೆಟ್ಟಿಗೆಯಿಂದ ಸಣ್ಣ ಮೂಲೆಮಟ್ಟ ತೆಗೆದು ಕಂಬಿಗೂ ನೆಲಕ್ಕೂ ಹಚ್ಚಿದೆ. ತೊಂಬತ್ತು. ಬಸ್ಸು ವಾಲಿತ್ತು, ಆದರೂ ತೊಂಬತ್ತು. ನೆಲವೂ ಕಂಬಿಯೂ ಕೂಡಿಯೇ ವಾಲಿದರೆ ಅವುಗಳ ನಡುವಿನ ಮೂಲೆಗೆ ಏನೂ ಆಗುವುದಿಲ್ಲ. ಲಂಬ ಎನ್ನುವುದು ಎರಡು ಗೆರೆಗಳ ನಡುವಿನ ಮಾತು. ಅವೆರಡೂ ಸೇರಿ ಎತ್ತ ಹೊರಟಿವೆ ಎಂಬುದನ್ನು ಅದು ಹೇಳುವುದಿಲ್ಲ. ಹೇಳಬಲ್ಲದ್ದು ದಾರ ಒಂದೇ, ಅದು ಭೂಮಿಯನ್ನು ಬಿಟ್ಟು ಬೇರೆ ಯಾರ ಮಾತನ್ನೂ ಕೇಳುವುದಿಲ್ಲ. ಇದನ್ನು ಆರನೆಯ ತರಗತಿಯ ಮಗುವಿಗೆ ಐದು ನಿಮಿಷದಲ್ಲಿ ತಿಳಿಸಬಹುದು. ನನಗೆ ತಿಳಿಯಲು ಬಸ್ಸು ಗುಂಡಿಗೆ ಬೀಳಬೇಕಾಯಿತು. ಆಗ ಪೆನ್ಸಿಲ್ಲು ನೆನಪಾಯಿತು. ಗೋಡೆಯಿಂದ ಉರುಳಿ ಹೋಗಿ ಅವಳ ಕಾಲಿಗೆ ತಾಗಿದ ಪೆನ್ಸಿಲ್ಲು. ನೆಲ ಆ ಕಡೆಗೆ ಇಳಿದಿತ್ತು. ಗೋಡೆ ನೆಲದ ಜೊತೆಗೇ ವಾಲಿತ್ತು.

ಇಲ್ಲಿಂದ ಮುಂದಿನದನ್ನು ನಾನು ಯಾರಿಗೂ ಹೇಳಿರಲಿಲ್ಲ. ನನ್ನ ಗಂಡನಿಗೂ ಹೇಳಿಲ್ಲ. ಬಸ್ಸಿನಿಂದ ಇಳಿದು ಹಿಂದಕ್ಕೆ ನಡೆದಿದ್ದರೆ ಊರು ಮುಕ್ಕಾಲು ತಾಸು. ನಡೆಯಲು ಬೇಡವಾಗಿದ್ದರೆ ಹೆಡ್ ಸರ್ ಅಲ್ಲೇ ಊರಿನವರು, ಫೋನ್ ಇತ್ತು, ಅವರ ನಂಬರ್ ಇತ್ತು. 'ಸರ್, ಬಾಳವ್ವನ ಮನೆಯವರನ್ನು ಇವತ್ತೇ ಹೊರಗೆ ಕಳಿಸಿರಿ, ನಾನು ನೋಡಿದ್ದು ತಪ್ಪಾಗಿದೆ' ಎಂದರೆ ಸಾಕಿತ್ತು. ಫೋನು ಕೈಯಲ್ಲಿ ಹಿಡಿದಿದ್ದೆ. ತಪ್ಪಾಗಿದೆ ಎಂಬ ಮಾತನ್ನು ಹೇಗೆ ಹೇಳಲಿ ಎಂದು ಯೋಚಿಸಿದೆ. ಸ್ಟಾಫ್ ರೂಮು ಕಣ್ಣ ಮುಂದೆ ಬಂತು. ನಾಲ್ಕು ವರ್ಷದ ಗೋಡೆ ಎರಡು ದಿನದಲ್ಲಿ ಎಲ್ಲಿಗೆ ಹೋಗುತ್ತದೆ, ಸೋಮವಾರ ಹುಡುಗಿಯನ್ನು ಒಬ್ಬಳೇ ಕರೆದು, ಮೆಲ್ಲಗೆ ತಿಳಿಸಿ, ನಗುನಗುತ್ತ ತಿದ್ದಿಕೊಂಡರಾಯಿತು ಎಂದುಕೊಂಡೆ. ಅಷ್ಟರಲ್ಲಿ ಜನ ಬಸ್ಸನ್ನು ದೂಡಿ ರಸ್ತೆಗೆ ತಂದರು. ಭಾನುವಾರ ಅಂಕಲಗಿಯಿಂದ ನಾದಿನಿ ಬಂದಿದ್ದಳು. ಹೋಳಿಗೆ ಮಾಡಿದ್ದೆವು. ಸಂಜೆ ಮಳೆ ಬಂತು. ಹೂರಣ ರುಬ್ಬುವಾಗ ಒಮ್ಮೆ, ಮಳೆಯ ಸಪ್ಪಳಕ್ಕೆ ಒಮ್ಮೆ ಆ ಗೋಡೆ ನೆನಪಾಯಿತು. ನಾಳೆ ಹೇಗೂ ಹೋಗುತ್ತೇನಲ್ಲ ಎಂದುಕೊಂಡೆ.

ಸೋಮವಾರ ಪ್ರಾರ್ಥನೆ ಮುಗಿದು ಮಕ್ಕಳು ಸಾಲಾಗಿ ಒಳಗೆ ಹೋಗುತ್ತಿದ್ದರು. ಮಾಯವ್ವ ಸಾಲಿನ ನಡುವೆ ಇದ್ದಳು. ಅವಳನ್ನು ಕರೆಯಬೇಕೆಂದು ಕೈ ಎತ್ತಿದ್ದೆ. ಹೊಳೆಕಡೆಯ ಓಣಿಯಿಂದ ಸಪ್ಪಳ ಬಂತು, ಕಲ್ಲು ತುಂಬಿದ ಟ್ರ್ಯಾಕ್ಟರ್ ಒಮ್ಮೆಲೇ ಸುರಿದ ಹಾಗೆ. ಆಮೇಲೆ ಹೆಂಗಸರ ಕೂಗು. ಎಲ್ಲರಿಗಿಂತ ಮೊದಲು ಓಡಿದವಳು ಮಾಯವ್ವ. ಯಾರ ಮನೆ ಎಂದು ಅವಳು ಯಾರನ್ನೂ ಕೇಳಲಿಲ್ಲ.

ಸತ್ಯವ್ವ ಹೊರಗೆ ನೀರು ತರಲು ಹೋಗಿದ್ದಳು, ಉಳಿದಳು. ಬಾಳವ್ವ ಒಳಗಿದ್ದಳು. ಗೋಡೆಗೆ ಬೆನ್ನು ಕೊಟ್ಟು, ತನ್ನ ಎಂದಿನ ಜಾಗದಲ್ಲಿ, ನೂಲುತ್ತ ಕುಳಿತಿದ್ದಳು. ಗಂಡಸರು ಇಟ್ಟಿಗೆ ತೆಗೆದು ತೆಗೆದು ಒಂದು ತಾಸಿನ ಮೇಲೆ ಅವಳನ್ನು ಹೊರಗೆ ತಂದರು. ದಾರ ಇನ್ನೂ ಬೆರಳಿಗೆ ಸುತ್ತಿತ್ತು. ಅವಳ ಬದಿಗಿದ್ದ ಎರಡು ಮರಿಗಳು ಸತ್ತಿದ್ದವು. ಫರಸಿಗಳು ಒಡೆದು ಒಳಗೆ ಬಿದ್ದಲ್ಲಿ ನೆಲದಲ್ಲಿ ಬಾವಿಯಂಥ ಕರಿ ಬಾಯಿ ಕಾಣಿಸಿತು. ಹಗೇವು, ಹಿಂದಿನವರು ನೆಲದಡಿ ತೋಡಿ ಜೋಳ ತುಂಬಿಡುತ್ತಿದ್ದ ಕಣಜ. ಬಾಳವ್ವ ಸೊಸೆಯಾಗಿ ಬಂದ ಕಾಲಕ್ಕೆ ಮಣ್ಣು ಹಾಕಿ ಮುಚ್ಚಿದ್ದಿರಬೇಕು ಎಂದು ಊರ ಹಿರಿಯರು ಲೆಕ್ಕ ಹಾಕಿದರು. ಹೊಳೆಯ ನೀರು ಆ ಮಣ್ಣನ್ನು ಕರಗಿಸಿ ಕೆಳಗೆ ಪೊಳ್ಳು ಮಾಡಿತ್ತು. ಆ ಪೊಳ್ಳಿನ ಕಡೆಗೆ ನೆಲ ಇಳಿದಿತ್ತು, ನೆಲದ ಜೊತೆ ಗೋಡೆ. ಗೋಡೆ ಕಟ್ಟಿದ ಗೌಂಡಿಗೂ ಅದು ಗೊತ್ತಿರಲಿಲ್ಲ, ಸತ್ಯವ್ವನಿಗೂ ಗೊತ್ತಿರಲಿಲ್ಲ. ಮನೆಯ ಹಗೇವು ಎಲ್ಲಿದೆ ಎಂದು ಹೊರಗಿನವರಿಗೆ ಹೇಳಬಾರದು. ಅದು ಖಾಲಿಯಾಗಿ ಐವತ್ತು ವರ್ಷವಾದರೂ ಹೇಳಬಾರದು. ಗೊತ್ತಿದ್ದವಳು ಬಾಳವ್ವ ಒಬ್ಬಳೇ. ಅವಳು ರೂಢಿ ಮೀರಲಿಲ್ಲ.

ಊರವರು ನನಗೆ ಒಂದು ದಾರಿ ಮಾಡಿಕೊಟ್ಟರು. "ಅಕ್ಕೋರ, ನೆಲದಾಗಿಂದು ಯಾರಿಗೆ ಕಾಣತೈತ್ರಿ. ಹೊಳಿ ಒಯ್ಯೂದಿತ್ತು, ಒಯ್ತು" ಎಂದರು. ನಾನು ಆ ದಾರಿ ಹಿಡಿದು ನಡೆದುಬಿಟ್ಟೆ. ಆದರೆ ಹಗೇವಿನ ವಿಷಯ ದಾರಕ್ಕೂ ಗೊತ್ತಿರಲಿಲ್ಲವಲ್ಲ. ಅದು ಸುಮ್ಮನೆ ನೇತಾಡಿ ಇದ್ದದ್ದನ್ನು ಹೇಳಿತ್ತು. ಮೂರನೆಯ ದಿನ ಲಕ್ಕಪ್ಪ ಕುರಿಗಳನ್ನು ಯಾರದೋ ಕೈಗೆ ಒಪ್ಪಿಸಿ ಬಂದ. ತಾಯಿಯ ಮುಖ ಸಿಗಲಿಲ್ಲ ಅವನಿಗೆ. ಶಾಲೆಗೆ ಬಂದು ಕೈಮುಗಿದು, "ನಾ ಊರಾಗಿಲ್ಲದಾಗ ನೀವಾದ್ರೂ ಬಂದು ನೋಡಿದ್ರಂತ್ರಿ. ಉಪಕಾರ ಆತ್ರಿ ಅಕ್ಕೋರ" ಎಂದ. ಚಪ್ಪಲಿಯಿಂದ ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ನಾನು ತಲೆಯಾಡಿಸಿದೆ.

ವಾರದೊಳಗೆ ಅವರು ಬೆಲ್ಲದ ಬಾಗೇವಾಡಿಗೆ ಹೋದರು. ಹುಕ್ಕೇರಿ ತಾಲೂಕಿನ ಶಾಲೆಗೆ ಮಾಯವ್ವನ ವರ್ಗಾವಣೆ ಪತ್ರ ಬರೆದವಳು ನಾನೇ. ಅವಳು ಬಂದು ಕಾಗದ ತೆಗೆದುಕೊಂಡು ಹೋದಳು, ನೋಟ್‌ಬುಕ್ಕನ್ನು ಕೇಳಲಿಲ್ಲ. ಅದು ನನ್ನ ಚೀಲದಲ್ಲೇ ಉಳಿಯಿತು. ಮುಂದಿನ ವರ್ಷ ನಾನೂ ವರ್ಗ ಕೇಳಿ ಮೂಡಲಗಿ ಕಡೆಗೆ ಬಂದೆ. ಊರು ದೂರವಾದರೆ ನೆನಪೂ ದೂರವಾಗುತ್ತದೆ ಎಂದು ಯಾರು ಹೇಳಿದರೋ. ಪ್ರತಿ ವರ್ಷ ಆ ಪಾಠ ಬರುತ್ತಿತ್ತು, ಎರಡೇ ದಿನದಲ್ಲಿ ಮುಗಿಸಿ ಮುಂದಿನದಕ್ಕೆ ಹೋಗುತ್ತಿದ್ದೆ. ದಾರ ತರಲು ಹೇಳಿದ್ದು ಈ ವರ್ಷ, ಏಳು ವರ್ಷದ ಮೇಲೆ. ಮರೆತೆನೇ ಎಂದು ನನ್ನನ್ನೇ ಪರೀಕ್ಷೆ ಮಾಡಿಕೊಳ್ಳಲು ಹೊರಟಿದ್ದೆನೋ ಏನೋ.

ಉಣ್ಣೆಯ ವಾಸನೆ ಎರಡು ದಿನ ಕೈ ಬಿಡಲಿಲ್ಲ. ಭಾನುವಾರ ಕಪಾಟಿನ ಅಡಿಯಿಂದ ಆ ನೋಟ್‌ಬುಕ್ಕು ತೆಗೆದು, ನನ್ನ ಹಳೆಯ ಅಡ್ಡಗೆರೆಯ ಪಕ್ಕದಲ್ಲಿ ಕೆಂಪು ಮಸಿಯಲ್ಲಿ ಸರಿ ಗುರುತು ಹಾಕಿ, ಬೆಲ್ಲದ ಬಾಗೇವಾಡಿಗೆ ಹೋದೆ. ಕೇಳುತ್ತ ಹೋದರೆ ಮನೆ ಸಿಕ್ಕಿತು. ಸತ್ಯವ್ವನ ಕೂದಲು ಬೆಳ್ಳಗಾಗಿದೆ. ನನ್ನನ್ನು ಕಂಡು ಹಿಗ್ಗಿ, ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂರಿಸಿ, ಚಹಾ ಇಡಲು ಒಳಗೆ ಓಡಿದಳು. ಮಾಯವ್ವ ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದಳು. ಹತ್ತೊಂಬತ್ತು ವರ್ಷದ ಹುಡುಗಿ, ಕಬ್ಬಿನ ಗರಿ ಗೀಚಿದ ಕೈಗಳು. ಏನು ಓದಿದೆ ಎಂದು ಕೇಳಿದೆ.

"ಎಸ್ಸೆಸ್ಸೆಲ್ಸಿ ಗಣಿತದಾಗ ಹೋತ್ರಿ. ಮತ್ತ ಕಟ್ಟಲಿಲ್ಲ" ಎಂದಳು.

ನೋಟ್‌ಬುಕ್ಕನ್ನು ಕೊಟ್ಟೆ. ಕಟ್ಟೆಯ ಆ ತುದಿಗೆ ಕುಳಿತು ಪುಟ ತಿರುವಿದಳು. ತಾನು ಬರೆದ ಆಯಿಯ ಚಿತ್ರವನ್ನು ಬಹಳ ಹೊತ್ತು ನೋಡಿದಳು. "ನಾ ದಾರಾ ಬಿಟ್ಟು ಅಳದು ಹೇಳಿದ ದಿನದಿಂದ ಆಯಿ ಹೊರಗ ಕುಂತು ನೂಲಾಕತ್ತಿದ್ಲ್ರಿ" ಎಂದಳು, ತಲೆ ಎತ್ತದೆ. "ಬಾಯಿಲೆ ನನಗ ಬಯ್ಯತಿದ್ಲು, ಖರೆ ಒಳಗ ಕುಂದರತಿರಲಿಲ್ಲ. ನೀವು ಬಂದು ನೋಡಿ ಆರಾಮ ಇರ್ರಿ ಅಂದ್ರಲ್ಲ, ಆವತ್ತ ಸಂಜೀಕ ಕದರು ತಗೊಂಡು ಒಳಗ ಹೋಗಿ ಕುಂತ್ಲು. ಅಕ್ಕೋರ ಸಾಲಿ ಕಲತಾವ್ರು, ಅವ್ರಿಗೆ ತಿಳಿತೈತಿ ಅಂದ್ಲು."

ಜಗುಲಿಯ ಮೇಲೆ ಬಿಸಿಲಿಗೆ ಕುಳಿತ ಮುದುಕಿ ಕಣ್ಣಿಗೆ ಬಂದಳು. ಏಳು ವರ್ಷ ನಾನು ಅದನ್ನು ಬಿಸಿಲೆಂದೇ ತಿಳಿದಿದ್ದೆ. "ನಿನ್ನ ಅಳತಿ ಸರಿ ಇತ್ತು ಮಾಯವ್ವ. ನಂದು ತಪ್ಪು" ಎಂದೆ. ಇಷ್ಟು ಹೇಳಲಿಕ್ಕೆ ಏಳು ವರ್ಷ.

ಅವಳು ಸರಿ ಗುರುತಿನ ಮೇಲೆ ಬೆರಳಾಡಿಸಿದಳು. "ಈ ಮಸಿ ಹೊಸಾದೈತಿ" ಎಂದಳು. ಆಮೇಲೆ, "ಯಾವಾಗ ತಿಳೀತ್ರಿ ನಿಮಗ? ನಂದು ಸರಿ ಐತಂತ?"

ಗೋಡೆ ಬಿದ್ದ ಮೇಲೆ ಎನ್ನಬಹುದಿತ್ತು. ಎಲ್ಲರೂ ಹಾಗೇ ತಿಳಿದಿದ್ದರು, ಅವಳೂ ಹಾಗೇ ತಿಳಿದಿದ್ದಳು.

"ಶನಿವಾರ" ಎಂದೆ.

"ಯಾವ ಶನಿವಾರ್ರಿ?"

"ಅದ ಶನಿವಾರ. ಮಧ್ಯಾಹ್ನ, ಬಸ್ಸಿನಾಗ."

ಲೆಕ್ಕದಲ್ಲಿ ಅವಳು ಯಾವಾಗಲೂ ಎಲ್ಲರಿಗಿಂತ ಮುಂದೆ. ಶನಿವಾರ, ಭಾನುವಾರ, ಸೋಮವಾರ. ಅವಳ ಬೆರಳು ಪುಟದ ಮೇಲೆ ನಿಂತಿತು.

"ಫೋನ್ ಇರ್ಲಿಲ್ಲೇನ್ರಿ ನಿಮ್ಮ ಕಡೆ?"

"ಇತ್ತು."

ಮಾಯವ್ವ ನೋಟ್‌ಬುಕ್ಕನ್ನು ಮುಚ್ಚಿ ಕಟ್ಟೆಯ ಮೇಲಿಟ್ಟಳು. ಎದ್ದು ಮನೆಯ ಹಿಂದಕ್ಕೆ ಹೋದಳು. ಸತ್ಯವ್ವ ಚಹಾ ತಂದು, "ಎಲ್ಲಿ ಹ್ವಾದ್ಲ್ರಿ ಈಕಿ?" ಎಂದು ಎರಡು ಸಲ ಕೂಗಿ ಕರೆದಳು. ಕುರಿ ನೋಡಾಕ ಹೋಗಿರ್ತಾಳ ಎಂದು ಅವಳೇ ಸಮಾಧಾನ ಹೇಳಿದಳು. ಅದೇ ಬೆಲ್ಲದ ಚಹಾ. ಕುಡಿದೆ. ಬಸ್ಸಿನ ಹೊತ್ತಾಯಿತೆಂದು ಎದ್ದು ಅಂಗಳ ದಾಟಿ ರಸ್ತೆಗೆ ಬಂದಿದ್ದೆ, ಹಿಂದಿನಿಂದ ಸತ್ಯವ್ವ ನೋಟ್‌ಬುಕ್ಕು ಹಿಡಿದು ಓಡುತ್ತ ಬಂದಳು. ಓದು ಬಾರದ ಹೆಂಗಸು. ಅದು ಯಾರದೆಂದು ಅವಳಿಗೆ ಗೊತ್ತಿಲ್ಲ.

"ಅಕ್ಕೋರ, ನಿಮ್ಮ ಪುಸ್ತಕ ಬಿಟ್ಟ ಹೊಂಟೀರಲ್ರಿ" ಎಂದು ಎರಡೂ ಕೈಯಿಂದ ಕೊಟ್ಟಳು.

ಇಸಿದುಕೊಂಡೆ.